ಗೋರೆಗಾಂವಿನ ಮನೆಗೆ ಬಿದ್ದ ಸೀಲು

"ನಿನ್ನ ಅಣ್ಣನಲ್ಲದೆ ಮತ್ಯಾರು? ಬಾಡಿಗೆಗೆ ಜನ ಹುಡುಕಿ ಕೊಡುವುದೇ ಅವನ ದಂಧೆಯಲ್ಲವಾ?" ಶೀಲಾವತಿಯ ಕೂಗು ಚೆಂಬೂರಿನ ಆ ಪುಟ್ಟ ಅಡುಗೆಮನೆಯನ್ನು ತುಂಬಿತು. ಸೊಸೆ ಜ್ಯೋತ್ಸ್ನಾ ತುಟಿ ಬಿಚ್ಚಲಿಲ್ಲ. ಆ ಮೌನವೇ ಶೀಲಾವತಿಗೆ ದೊಡ್ಡ ಸಾಕ್ಷಿಯಾಗಿ ಕಂಡಿತು!

ಗಂಡ ಚೆನ್ನಯ ಆಯುಷ್ಯವಿಡೀ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಗೋರೆಗಾಂವಿನಲ್ಲಿ ಒಂದು ಮನೆ ಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಅದು ಶೀಲಾವತಿಯ ಹೆಸರಿಗೆ ಬಂತು; ಅದರ ಬಾಡಿಗೆಯೇ ಆಕೆಗೆ ಆಸರೆ. ವ್ಯವಹಾರವೆಲ್ಲ ಮಗ ಸೃಜನ್‌ನದು. ಈಗ ನೋಡಿದರೆ, ಬಾಡಿಗೆಗಿದ್ದವರು ಲಾಟರಿಯ ಆಸೆ ತೋರಿಸಿ ಫೋನಿನಲ್ಲೇ ಜನರನ್ನು ದೋಚುತ್ತಿದ್ದರಂತೆ. ಅವರು ಓಡಿಹೋದರು, ಅಪರಾಧಕ್ಕೆ ಬಳಕೆಯಾದ ಆಸ್ತಿಯೆಂದು ಸರ್ಕಾರ ಮನೆಯನ್ನೇ ಜಪ್ತಿ ಮಾಡಿ ಸೀಲು ಹಾಕಿತು. ತನಗೇನೂ ತಿಳಿದಿರಲಿಲ್ಲವೆಂದು ಮನೆಯೊಡತಿಯೇ ಸಾಬೀತು ಮಾಡಬೇಕಂತೆ... ಯಾರ ಒಂದು ಕಾಸೂ ಮುಟ್ಟದವಳಿಗೆ ಈ ಶಿಕ್ಷೆ!

"ಆ ಜನರನ್ನು ತಂದದ್ದು ಜ್ಯೋತ್ಸ್ನಾಳ ಅಣ್ಣ, ತಿಲಕ್ ಭಾವ," ಎಂದಿದ್ದ ಸೃಜನ್. ಅಂದಿನಿಂದ ಜ್ಯೋತ್ಸ್ನಾ ಫೋನಿನಲ್ಲಿ ಪಿಸುಗುಟ್ಟಿದರೆ ಶೀಲಾವತಿ ಬಾಗಿಲ ಮರೆಯಲ್ಲಿ ನಿಲ್ಲುತ್ತಿದ್ದಳು. ಸೊಸೆ ತವರಿಗೆ ಹೋಗಿಬಂದರೆ ಅವಳ ಬ್ಯಾಗು ತಡಕುತ್ತಿದ್ದಳು. ಪುಟ್ಟ ಮೊಮ್ಮಗಳು ಶ್ರಾವ್ಯಾಳನ್ನೂ ಬಿಡಲಿಲ್ಲ. "ಮಾಮ ಏನು ಮಾತಾಡಿದ, ಮಗಾ?"

ವಿಚಾರಣೆಯ ದಿನ, ಮನೆ ಜಪ್ತಿ ಮಾಡಿದ ಆಫೀಸಿನ ಮೆಟ್ಟಿಲಲ್ಲಿ ಸೃಜನ್ ತಾಯಿಯ ಕಿವಿಯಲ್ಲಿ ಹೇಳಿದ, "ಸಿಂಪಲ್ ಅಮ್ಮಾ. ಸೊಸೆ, ಅವಳ ಅಣ್ಣ ಸೇರಿ ಬಾಡಿಗೆಗೆ ಕೊಟ್ಟರು ಅಂತ ಹೇಳಿಬಿಡು. ಮನೆ ಉಳಿಯುತ್ತದೆ."

ಒಳಗೆ ಅಧಿಕಾರಿ ತಾಯಿ, ಮಗ, ಸೊಸೆ ಮೂವರನ್ನೂ ಕೂರಿಸಿ ಒಂದು ಫೋಟೋ ಮುಂದಿಟ್ಟರು. "ಇವನೇ ಬಾಡಿಗೆದಾರ. ಗುರುತು ಸಿಗುತ್ತದೆಯೇ?" ಎಂದು ಹಿಂದಿಯಲ್ಲಿ ಕೇಳಿದರು.

ಶೀಲಾವತಿ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದಳು. ಈ ಮುಖ! ಚೌತಿಯ ದಿನ "ನನ್ನ ದೋಸ್ತ್" ಎಂದು ಸೃಜನ್ ಕರೆತಂದವನು... ತಾನೇ ಕೈಯಾರೆ ಪತ್ರೊಡೆ ಬಡಿಸಿದ್ದಳಲ್ಲ! ಜ್ಯೋತ್ಸ್ನಾ ನೆಲ ನೋಡುತ್ತಿದ್ದಳು. ಸೃಜನ್ ಕಣ್ಣಲ್ಲೇ ಬೇಡುತ್ತಿದ್ದ. ಶೀಲಾವತಿ ಫೋಟೋವನ್ನು ಅಧಿಕಾರಿಯತ್ತ ತಳ್ಳಿದಳು.

"ನನ್ನ ಮನೆಯಲ್ಲಿ ಉಂಡವನು, ಸಾಹೇಬ್. ಕರೆದುಕೊಂಡು ಬಂದವನು ನನ್ನ ಮಗ. ಸೊಸೆಯ ತಲೆಗೆ ಇದನ್ನು ಕಟ್ಟಬೇಡಿ."

"ಅಮ್ಮಾ!" ಸೃಜನ್ ಚೀರಿದ.

ಹೊರಗೆ ಬಂದವಳೇ ಶೀಲಾವತಿ ಸೊಸೆಯತ್ತ ತಿರುಗಿದಳು. "ಎಲ್ಲ ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ, ಮಾರಾಯ್ತಿ?"

"ನಿಮ್ಮ ಮಗ ಶ್ರಾವ್ಯಾಳ ತಲೆ ಮುಟ್ಟಿಸಿ ಆಣೆ ಹಾಕಿಸಿದ್ದರು ಅತ್ತೆ..." ಜ್ಯೋತ್ಸ್ನಾ ಬಿಕ್ಕಿದಳು. "ಹೇಳಿದ್ದರೂ ನೀವು ನಂಬುತ್ತಿದ್ದಿರಾ?"

ಶೀಲಾವತಿ ರಸ್ತೆಯಲ್ಲೇ ಸೊಸೆಯ ಕೈಗಳನ್ನು ಹಿಡಿದು ಅತ್ತುಬಿಟ್ಟಳು.

ಸೃಜನ್ ಜೈಲಿಗೆ ಹೋಗಿ ಜಾಮೀನಿನ ಮೇಲೆ ಬಂದ. ಬಹಳ ಅಲೆದಾಟದ ಮೇಲೆ ಶೀಲಾವತಿ ನಿರ್ದೋಷಿಯೆಂದು ತೀರ್ಮಾನವಾಗಿ ಮನೆ ಬಿಡುಗಡೆಯಾಯಿತು. ಒಂದು ದಿನ ಊಟಕ್ಕೆ ಕೂತ ಸೃಜನ್ ಮೆಲ್ಲಗೆ ಬಾಯಿಬಿಟ್ಟ. "ಅಮ್ಮಾ, ಗೋರೆಗಾಂವಿಗೆ ಒಳ್ಳೆ ಪಾರ್ಟಿ ಇದ್ದಾರೆ. ಡಬಲ್ ಬಾಡಿಗೆ ಕೊಡ್ತಾರೆ..."

"ಅಲ್ಲಿ ಇನ್ನು ಜ್ಯೋತ್ಸ್ನಾ, ಮಗು ಇರುತ್ತಾರೆ. ಮನೆ ಅವಳ ಹೆಸರಿಗೆ ಮಾಡಿಸಿದೆ."

"ಮತ್ತೆ ನೀನು?"

"ನಾನು ಇಲ್ಲೇ, ನಿನ್ನ ಜೊತೆ."

ಅವನು ಕೈಯ ತುತ್ತನ್ನು ತಟ್ಟೆಗೇ ಇಟ್ಟ. "ನನ್ನ ಮೇಲೆ ಸ್ವಲ್ಪವೂ ನಂಬಿಕೆಯಿಲ್ಲವಾ ಅಮ್ಮಾ?"

ಶೀಲಾವತಿ ಅವನ ಅನ್ನಕ್ಕೆ ತುಪ್ಪ ಹಾಕಿದಳು.

"ಇಲ್ಲ ಮಗಾ... ಅದಕ್ಕೇ ನಿನ್ನನ್ನು ಬಿಟ್ಟು ಹೋಗುವುದಿಲ್ಲ."