ತೆರೆಗೆ ಬಾರದ ಅಕ್ಷರಗಳು

ಜವರಿ ಸಿಕ್ಕಿದ್ದು ಹೊಳೆಯ ನಡುವಿನ ಬಂಡೆಯ ಮೇಲೆ. ಉಸಿರಿತ್ತು, ಪ್ರಜ್ಞೆ ಇರಲಿಲ್ಲ. ಕಕ್ಕಬೆ ಬಳಿಯ ಖಾಸಗಿ ಕಿರು ವಿದ್ಯುತ್ ಘಟಕದಲ್ಲಿ ಕಾಲುವೆಯ ಕಸ ತೆಗೆಯುವ ಕೆಲಸ ಅವನದು. ಆ ಬೆಳಿಗ್ಗೆ ಸೈರನ್ ಕೂಗದೆಯೇ ಮೇಲಿನ ಗೇಟು ತೆರೆದು ನೀರು ನುಗ್ಗಿತ್ತು.

ಎಸ್‌ಐ ಪೂವಮ್ಮ ಬರುವಷ್ಟರಲ್ಲಿ ತಪ್ಪು ಯಾರದೆಂದು ತೀರ್ಮಾನವೇ ಆಗಿಹೋಗಿತ್ತು. ಕಂಟ್ರೋಲ್ ರೂಮಿನ ಆಪರೇಟರ್ ಕವನಾ ಮೂಲೆಯಲ್ಲಿ ಅಳುತ್ತಿದ್ದಳು.

"ನಾನು ಗೇಟು ಓಪನ್ ಮಾಡ್ಲಿಲ್ಲ ಮೇಡಂ. ಜವರಿಯಣ್ಣ ಕೆಳಗಿದ್ದದ್ದು ನಂಗೆ ಗೊತ್ತಿತ್ತು."

"ಅವಳೇ ಮೇಡಂ," ಎಂದ ಇಂಜಿನಿಯರ್ ನವೀನ್. "ನಾನು ಅವಳ ಹಿಂದೇ ನಿಂತಿದ್ದೆ. ಸ್ಕ್ರೀನ್ ಮೇಲೆ ಒಂದೊಂದೇ ಅಕ್ಷರ ಬಂತು. ತಪ್ಪು ಹೊಡೆದ್ಲು, ಅಳಿಸಿ ಮತ್ತೆ ಹೊಡೆದ್ಲು. ಬೇಡ ಅನ್ನೋದ್ರೊಳಗೆ ಗೇಟು ಎದ್ದಿತ್ತು."

*

ಗೇಟಿನ ದಾರಿಯಲ್ಲಿ, ಕಂಟ್ರೋಲ್ ರೂಮಿನಿಂದ ಗೇಟಿಗೆ ಹೋಗುವ ಕೇಬಲ್ ಮೇಲೆ ಮರದ ಕೊಂಬೆಯೊಂದು ಬಿದ್ದಿತ್ತು. ಶಾರ್ಟ್ ಆಗಿ ಗೇಟು ತಾನೇ ತೆರೆದಿರಬಹುದೇ?

ಲೈನ್‌ಮನ್ ಗುಂಡ ತಲೆಯಾಡಿಸಿದ. "ಇಲ್ಲ ಮೇಡಂ. ಕಮಾಂಡ್ ಹೋಗದೆ ಅದು ಏಳಲ್ಲ. ಕೊಂಬೆ ನಿನ್ನೆ ಸಂಜೇನೇ ಬಿದ್ದದ್ದು. ಒಂದು ತಂತಿ ಮಾತ್ರ ತುಂಡಾಗಿದೆ."

*

ಪೂವಮ್ಮ ಕಂಟ್ರೋಲ್ ರೂಮಿನ ಕೀಬೋರ್ಡಿನ ಕೀ ಒತ್ತಿದಳು. ತೆರೆ ಖಾಲಿ.

"ಯಾಕೆ ಏನೂ ಬರ್ತಿಲ್ಲ?"

ಕವನಾ ಹಳೆಯ ಟರ್ಮಿನಲ್ ಸರ್ವರ್ ಪೆಟ್ಟಿಗೆ ತೋರಿಸಿದಳು. "ನಾವು ಒತ್ತಿದ ಅಕ್ಷರಾನ ಇದು ಗೇಟಿನ ಕಂಪ್ಯೂಟರಿಗೆ ಕಳಿಸ್ತದೆ. ಅದು ವಾಪಸ್ ಕಳಿಸಿದ್ರೆ ಮಾತ್ರ ಇಲ್ಲಿ ಕಾಣ್ತದೆ. ವಾಪಸ್ ತರೋ ತಂತೀನೇ ತುಂಡಾಗಿರೋದು. ಈಗ ಗೇಟಿನ ಹತ್ರಾನೇ ಹೋಗಿ ಲ್ಯಾಪ್‌ಟಾಪ್ ಸಿಕ್ಕಿಸಿದ್ರೆ ಮಾತ್ರ ಅಕ್ಷರ ಕಾಣ್ತದೆ."

ಪೂವಮ್ಮ ನವೀನನನ್ನು ಕರೆಸಿದಳು.

"ನಿಮ್ಮ ಹೆಸರು ಟೈಪ್ ಮಾಡಿ."

ಮಾಡಿದ. ತೆರೆಯ ಮೇಲೆ ಒಂದಕ್ಷರವೂ ಮೂಡಲಿಲ್ಲ. ಅವನ ಬೆರಳುಗಳು ಅಲ್ಲೇ ನಿಂತವು.

"ನಿನ್ನೆ ಸಂಜೆಯಿಂದ ಹೀಗೇ ಇದೆ. ಇವತ್ತು ಅವಳೇ ಹೊಡೆದಿದ್ರೂ ನಿಮಗೆ ಅಕ್ಷರ ಕಾಣೋ ಹಾಗಿರಲಿಲ್ಲ. ನೀವು ಅಕ್ಷರ ಕಂಡದ್ದು ನಿಜ. ಆದ್ರೆ ಗೇಟಿನ ಹತ್ರ, ನೇರ ಸಿಕ್ಕಿಸಿದ ಲ್ಯಾಪ್‌ಟಾಪಿನಲ್ಲಿ. ತಪ್ಪು ಹೊಡೆದು ಅಳಿಸಿದ್ದೂ ನೀವೇ. ಗೇಟಿನ ಪಾಸ್‌ವರ್ಡ್ ಗೊತ್ತಿರೋದು ನಿಮಗೂ ಕವನಾಗೂ ಮಾತ್ರ ಅಲ್ವಾ?"

ನವೀನ್ ಕೀಬೋರ್ಡನ್ನು ಆಚೆ ತಳ್ಳಿದ. "ಗೇಟಿನ ಹತ್ರ ಹೂಳು ತುಂಬಿತ್ತು, ನೀರು ಬಿಟ್ಟು ತೊಳೆಯೋಣ ಅಂತ ತೆರೆದೆ. ಸೈರನ್ ಹಾಕಿದ್ರೆ ರೂಲ್ ಪ್ರಕಾರ ಟರ್ಬೈನ್ ನಿಲ್ಲಿಸ್ಬೇಕು, ಓನರ್ ಬೈತಾರೆ. ಕೆಳಗೆ ನೋಡಿದೆ ಮೇಡಂ, ಯಾರೂ ಕಾಣ್ಲಿಲ್ಲ. ಆಮೇಲೆ ಕಿರುಚಾಟ ಕೇಳಿಸ್ತು. ಹೆದರಿಬಿಟ್ಟೆ."

"ಹೆದರಿ ಇವಳ ತಲೆಗೆ ಕಟ್ಟಿದ್ರಿ."

ಅವನು ಕವನಾಳ ಕಡೆ ನೋಡಲಾರದೆ ಹೋದ.

ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನ್ ಬಂತು. ಜವರಿ ಕಣ್ಣು ಬಿಟ್ಟಿದ್ದ.

"ನಾನೂ ಬರ್ತೀನಿ, ಅವನ ಹತ್ರ ಕ್ಷಮೆ ಕೇಳ್ತೀನಿ," ಎಂದ ನವೀನ್.

"ನೀವು ಮೊದಲು ಸ್ಟೇಷನ್ನಿಗೆ." ಅವನನ್ನು ಕಾನ್‌ಸ್ಟೇಬಲ್‌ಗೆ ಒಪ್ಪಿಸಿದ ಪೂವಮ್ಮ, ಜೀಪಿನ ಮುಂದಿನ ಬಾಗಿಲು ತೆರೆದಳು. "ಹತ್ತು ಕವನಾ. ನಿನ್ನ ಜವರಿಯಣ್ಣನ್ನ ನೋಡಿಕೊಂಡು ಬರೋಣ."