ತೆಗೆದುಕೊಳ್ಳುವ ಕೈ

ಫ್ಯಾನಿನ ಗಾಳಿಗೆ ಚರ್ಚಿನ ಪರದೆ ಹಾರಿತು. ಹಾರಿದ್ದು ಒಂದು ಗೇಣು, ಅಷ್ಟೇ. ಆ ಒಂದು ಗೇಣಿನಲ್ಲಿ ಸೂಜಿಗೆ ಕಾಣಬಾರದ್ದು ಕಂಡುಬಿಟ್ಟಿತು. ಎದುರು ಬೀದಿಯಲ್ಲಿ ಹೊಸದಾಗಿ ಕನ್ನಡಕದಂಗಡಿ ತೆರೆದಿದ್ದವನ ಕೈ ಪೆಟ್ಟಿಗೆಯಿಂದ ಮೇಲೆ ಬಂದಾಗ ಅದರಲ್ಲಿ ಎರಡು ನೋಟುಗಳಿದ್ದವು.

ಸೂಜಿ ಎಂದರೆ ಹೊಲಿಗೆ ಅಂಗಡಿಯವಳು. ಕಸುಬಿಗೂ ಮೊನಚು ಮಾತಿಗೂ ಸೇರಿಸಿ ಅತ್ತಿಗೆ ಇಟ್ಟ ಹೆಸರು ಅದು, ಇಡೀ ಸಭೆಯ ಬಾಯಿಗೆ ಅಂಟಿಕೊಂಡಿತ್ತು.

ಆ ಚರ್ಚಿನ ಪದ್ಧತಿಯೇ ಬೇರೆ. ಭಾನುವಾರ ಆರಾಧನೆ ಮುಗಿದ ಮೇಲೆ ಎಲ್ಲರೂ, ನಾಲ್ಕು ಮನೆ ಇದ್ದವರೂ ಮನೆಯೇ ಇಲ್ಲದವರೂ, ಒಂದೇ ಸಾಲಿನಲ್ಲಿ ನಿಂತು ಒಬ್ಬೊಬ್ಬರಾಗಿ ಪರದೆಯ ಹಿಂದೆ ಹೋಗಬೇಕು. ಅಲ್ಲೊಂದು ಮರದ ಪೆಟ್ಟಿಗೆ. ಇದ್ದವರು ಹಾಕುತ್ತಾರೆ, ಇಲ್ಲದವರು ತೆಗೆದುಕೊಳ್ಳುತ್ತಾರೆ. ಹೋಗುವಾಗಲೂ ಮುಷ್ಟಿ, ಬರುವಾಗಲೂ ಮುಷ್ಟಿ. ಯಾರು ಏನು ಮಾಡಿದರೆಂದು ಯಾರೂ ಕೇಳುವಂತಿಲ್ಲ, ಹೇಳುವಂತಿಲ್ಲ. “ದುಡ್ಡು ದೇವರದು ಕಣ್ರೋ. ನಾವು ಬರೀ ಕೈ ಬದಲಾಯಿಸೋರು” ಎನ್ನುವುದು ಮುದಿ ಪಾದ್ರಿಯ ಮಾತು.

ಪಾಪ, ಎಂದುಕೊಂಡಳು ಸೂಜಿ. ಅಷ್ಟು ಇಸ್ತ್ರಿ ಮಾಡಿದ ಅಂಗಿ, ಅಷ್ಟು ಚಂದದ ನಗು, ಜೇಬಿನಲ್ಲಿ ಮಾತ್ರ ಏನೂ ಇಲ್ಲ.

ಸೋಮವಾರ ಬೆಳಿಗ್ಗೆಯೇ ಅವನ ಅಂಗಡಿಯಲ್ಲಿ ಹಾಜರಾದಳು. ಅವಳ ಕಣ್ಣುಗಳು ಗಟ್ಟಿಮುಟ್ಟಾಗಿದ್ದವು. ಆದರೂ ಅವನಿಗೊಂದು ವ್ಯಾಪಾರವಾಗಲಿ ಎಂಬ ಧಾರಾಳತನ.

“ಸೂಜಿಗೆ ದಾರ ಪೋಣಿಸೋಕೇ ಆಗ್ತಿಲ್ಲ ರೀ. ಬೈಬಲಿನ ಒಂಟೆಯಾದ್ರೂ ನುಗ್ಗೀತು, ನನ್ನ ದಾರ ನುಗ್ಗಲ್ಲ.”

“ಒಂಟೆ ನುಗ್ಗಿದ ದಿನ ಹೇಳಿಬಿಡಿ,” ಎಂದ ಅವನು. “ಸ್ವರ್ಗಕ್ಕೆ ದಾರಿ ಸಿಕ್ತು ಅಂತ ಊರಿನ ಶ್ರೀಮಂತರೆಲ್ಲ ನಿಮ್ಮಂಗಡಿ ಮುಂದೆ ಕ್ಯೂ ನಿಲ್ತಾರೆ.”

ಅವಳು ನಕ್ಕಳು. ನಗಬಾರದೆಂದುಕೊಂಡೇ ನಕ್ಕಳು. ಅವನು ಸಣ್ಣ ಟಾರ್ಚ್ ಹಿಡಿದು ಹತ್ತಿರ ಬಗ್ಗಿದ.

“ನನ್ನ ಕಿವಿ ನೋಡಿ.”

“ನೋಡ್ತಿದೀನಿ.”

“ಅದು ಮೂಗು.”

“ಎರಡೂ ಒಂದೇ ಮುಖದಲ್ಲಿದ್ರೆ ನಾನೇನು ಮಾಡ್ಲಿ?” ಎಂದಳಾದರೂ ಕೆನ್ನೆ ಬಿಸಿಯಾಯಿತು. ಕಿವಿಯಿಂದ ಮೂಗಿಗೆ ಬಂದ ನೋಟ ಅಲ್ಲಿಂದ ಅವನ ಕಣ್ಣಿಗೆ ಜಾರಿತು. ಅವನೂ ಟಾರ್ಚ್ ಆರಿಸುವುದನ್ನು ಒಂದು ಗಳಿಗೆ ಮರೆತ.

ಆ ಗಲಿಬಿಲಿಯಲ್ಲೇ ಎಡವಟ್ಟಾಯಿತು. ಗೋಡೆಯ ಅಕ್ಷರಗಳನ್ನು ಓದಿ ಎಂದಾಗ ತಾನು ಹೇಳಿದ ಸುಳ್ಳು ಮರೆತು ಕೊನೆಯ ಸಾಲಿನವರೆಗೂ ಗಡಗಡ ಓದಿದಳು. ಅದರ ಕೆಳಗೆ ಇರುವೆ ಗಾತ್ರದಲ್ಲಿದ್ದ ಪ್ರೆಸ್ಸಿನ ಹೆಸರನ್ನೂ ಬಿಡಲಿಲ್ಲ.

“ಅದನ್ನ ನಾನೇ ಇವತ್ತಿನವರೆಗೂ ಓದಿರಲಿಲ್ಲ,” ಎಂದ ಅವನು. “ನಿಮಗೆ ಕನ್ನಡಕ ಬೇಡ.”

“ಇರ್ಲಿ, ಕೊಡಿ. ದುಡ್ಡು ತಂದಿದೀನಿ.”

“ಈ ಕಣ್ಣಿಗೆ ಕನ್ನಡಕ ಮಾರಿದ್ರೆ ಭಾನುವಾರ ಯಾವ ಮುಖ ಇಟ್ಕೊಂಡು ಚರ್ಚಿಗೆ ಬರ್ಲಿ?”

ಹೊಟ್ಟೆಗೆ ಪೆಟ್ಟಿಗೆಯ ದುಡ್ಡು, ಬಾಯಲ್ಲಿ ಈ ಮಾತು! ಬೀದಿ ದಾಟಿ ಬರುವಷ್ಟರಲ್ಲಿ ಸೂಜಿಯ ಎದೆ ಮೆಷಿನ್ನಿನಂತೆ ಓಡತೊಡಗಿತ್ತು. ಅವಳಿಗೆ ಅವನ ಮೇಲೆ ಮನಸ್ಸಾಗಿತ್ತು.

ಮುಂದಿನ ಆರು ಭಾನುವಾರ ಅವಳು ಮುಷ್ಟಿ ತುಂಬಾ ನೋಟು ಹಿಡಿದು ಪರದೆಯ ಹಿಂದೆ ಹೋದಳು. ಎರಡನೆಯ ಮೆಷಿನ್ ಕೊಳ್ಳಲೆಂದು ಡಬ್ಬಿಯಲ್ಲಿ ಕೂಡಿಟ್ಟಿದ್ದ ಹಣ ಅದು. ಪೆಟ್ಟಿಗೆಗೆ ಬೀಳಿಸುವಾಗಲೆಲ್ಲ ‘ಪಾಪ, ಅವನಿಗಾಗಲಿ’ ಎನ್ನುವಳು. ಹಾಗೆನ್ನುವಾಗ ತಾನು ಒಂದು ಮೊಳ ಎತ್ತರವಾದಂತೆ ಒಳಗೊಳಗೇ ಹಿತವಾಗುತ್ತಿತ್ತು. ಅವನೋ ಕನ್ನಡಕದ ಚೀಲ ಹೊಲಿಸುವ ನೆಪದಲ್ಲಿ ದಿನಕ್ಕೊಮ್ಮೆ ಬರುವನು. ದಿನಕ್ಕೊಂದೇ ಚೀಲ.

“ಒಟ್ಟಿಗೆ ಹನ್ನೆರಡು ಕೊಡಬಾರದಾ?” ಎಂದು ಅತ್ತಿಗೆ ಕೇಳಿದರೆ, “ಆಗ ಹನ್ನೊಂದು ದಿನ ನಷ್ಟ ಅಲ್ವಾ ಅಕ್ಕ?” ಎನ್ನುವನು. ಅತ್ತಿಗೆ ಸೂಜಿಯ ಕಡೆ ನೋಡಿ ಗುಂಡಿ ಹಚ್ಚುತ್ತಾ ಕೆಮ್ಮುವಳು.

ಏಳನೆಯ ವಾರ, ಶುಕ್ರವಾರ ಮಧ್ಯಾಹ್ನ, ಮೆಷಿನ್ನಿನ ಮೋಟರ್ ಹೊಗೆ ಕಾರಿ ನಿಂತಿತು. ಶಾಲೆಯ ಅರವತ್ತು ಯೂನಿಫಾರ್ಮ್ ಗುರುವಾರದೊಳಗೆ ಕೊಡಬೇಕು. ಆ ಆರ್ಡರ್ ಕೈ ತಪ್ಪಿದರೆ ಅಂಗಡಿಯೂ ಹೋದಂತೆಯೇ. ರಿಪೇರಿಯವನು ಮುಂಗಡವಿಲ್ಲದೆ ಹೊಸ ಮೋಟರ್ ತರುವವನಲ್ಲ. ಅತ್ತಿಗೆ ಡಬ್ಬಿ ತೆರೆದು ನೋಡಿದರೆ ತಳ ಫಳಫಳ ಹೊಳೆಯುತ್ತಿತ್ತು.

“ಎಲ್ಲೇ ದುಡ್ಡು?”

ಸೂಜಿ ಬಾಯಿ ತೆರೆಯುವ ಮೊದಲೇ ಅವನು ಚೀಲದ ನೆಪದಲ್ಲಿ ಒಳಗೆ ಬಂದ. ಹೊಗೆಯ ವಾಸನೆ ನೋಡಿದ, ಅರ್ಥ ಮಾಡಿಕೊಂಡ. “ಮೋಟರಿಗೆ ನಾನು ಕೊಡ್ತೀನಿ ಬಿಡಿ.”

“ಬೇಡ.”

“ಸಾಲ ಅಂತ ಅಲ್ಲ...”

“ಪೆಟ್ಟಿಗೆಯಿಂದ ಎತ್ತಿಕೊಂಡು ಬದುಕೋರು ನನಗೆ ಕೊಡೋಕೆ ಬಂದ್ರಾ?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಭೆಯಲ್ಲಿ ಇಷ್ಟು ವರ್ಷ ಯಾರೂ ಆಡದ ಮಾತನ್ನು ಸೂಜಿ ಆಡಿಬಿಟ್ಟಿದ್ದಳು, ಅದೂ ಅವನಿಗೆ.

“ನೋಡಿಬಿಟ್ರಾ,” ಎಂದ ಅವನು ಮೆಲ್ಲಗೆ. “ಹೌದು, ಬಂದ ಹೊಸದರಲ್ಲಿ ಮೂರು ಭಾನುವಾರ ತಗೊಂಡೆ. ಅದರಲ್ಲೇ ಊಟ ಮಾಡ್ದೆ. ಈಗ ಅಂಗಡಿ ನಡೀತಿದೆ, ಹಾಕ್ತಿದೀನಿ.”

ಅತ್ತಿಗೆಗೆ ತಡೆಯಲಾಗಲಿಲ್ಲ. “ಅಯ್ಯೋ, ನಿಮಗೋಸ್ಕರಾನೇ ಡಬ್ಬಿ ಖಾಲಿ ಮಾಡಿದಾಳೆ ಅಂತ ಕಾಣುತ್ತೆ ಕಣಪ್ಪಾ!”

ಅವನು ಸೂಜಿಯ ಮುಖ ನೋಡಿದ. ಅವಳು ತಲೆ ತಗ್ಗಿಸಿದಳು. ಅವನಿಗೆ ಸಿಟ್ಟಿರಲಿಲ್ಲ, ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

“ನಿಮಗೆ ಕೊಡೋದು ಚೆನ್ನಾಗಿ ಬರುತ್ತೆ. ತಗೊಳ್ಳೋದು ಬರಲ್ಲ,” ಎಂದ. “ನನಗೆ ಮೇಲೆ ನಿಂತು ಕೊಡೋರು ಬೇಡ ರೀ. ಪಕ್ಕದಲ್ಲಿ ನಿಲ್ಲೋರು ಸಿಕ್ಕಿದ್ರು ಅಂದ್ಕೊಂಡಿದ್ದೆ.”

ಶನಿವಾರ ಅವನು ಬರಲಿಲ್ಲ. ಚೀಲದ ಬಟ್ಟೆ ಮೇಜಿನ ಮೇಲೇ ಉಳಿಯಿತು. ಸೂಜಿ ಕೈಹೊಲಿಗೆಯಲ್ಲಿ ಒಂದು ಯೂನಿಫಾರ್ಮ್ ಮುಗಿಸಿದಳು, ಅದೂ ಅವಳ ಕಣ್ಣೀರಿಗೆ ಒದ್ದೆಯಾಯಿತು.

ಭಾನುವಾರದ ಸಾಲಿನಲ್ಲಿ ಅವನು ಅವಳಿಗಿಂತ ಆರು ಜನ ಮುಂದಿದ್ದ. ತಿರುಗಿ ನೋಡಲಿಲ್ಲ. ಅವಳ ಸರದಿ ಬಂತು. ಪರದೆಯ ಹಿಂದೆ ಪೆಟ್ಟಿಗೆಯ ಮುಚ್ಚಳ ಮುಚ್ಚಲಾಗದಷ್ಟು ತುಂಬಿತ್ತು. ಆರು ವಾರ ‘ಪಾಪ’ ಎಂದದ್ದು ಒಂದೊಂದಾಗಿ ನೆನಪಾಯಿತು. ಕೊಟ್ಟಿದ್ದು ಪ್ರೀತಿಗೆ, ನಿಜ. ಆದರೆ ಅಷ್ಟೇ ನಿಜವಾಗಿ ಜಂಬಕ್ಕೂ ಕೊಟ್ಟಿದ್ದಳು. ಕರ್ತನೇ, ನನಗೂ ಬೇಕು, ಎಂದಳು. ಕೈ ಹಾಕಿದಳು. ಮೋಟರಿಗೆ ಬೇಕಾದಷ್ಟು ಎಣಿಸಿ ತೆಗೆದುಕೊಂಡಳು. ಆಶ್ಚರ್ಯವೆಂದರೆ ನೆಲ ಬಾಯಿ ಬಿಡಲಿಲ್ಲ. ಎದೆಯೊಳಗೆ ಏನೋ ಬಿಚ್ಚಿಕೊಂಡು ನಗು ಉಕ್ಕಿತು.

ಹೊರಗೆ ಓಡಿಯೇ ಬಂದಳು. ಅವನು ಮೆಟ್ಟಿಲ ಬಳಿ ಅಜ್ಜಿಯೊಬ್ಬಳ ಕನ್ನಡಕದ ಸ್ಕ್ರೂ ಬಿಗಿಮಾಡುತ್ತಿದ್ದ. ಎಲ್ಲರ ಮುಂದೆ ಮುಷ್ಟಿ ಬಿಚ್ಚಿ ಅವನಿಗೆ ತೋರಿಸಿದಳು.

“ತಗೊಂಡೆ,” ಎಂದಳು ಏದುಸಿರಿನಲ್ಲಿ. “ಕೈ ನಡುಗ್ತು.”

ಅವನು ಅವಳನ್ನೇ ನೋಡಿದ. ಮೊದಲು ಕಣ್ಣು ನಕ್ಕಿತು, ಆಮೇಲೆ ಬಾಯಿ. “ಮೊದಲ ಸಲ ನನಗೂ ನಡುಗ್ತು.”

“ಮೊನ್ನೆ ಆಡಿದ್ದಕ್ಕೆ ಕ್ಷಮೆ ಬೇಕು.”

“ಅದು ಶುಕ್ರವಾರಾನೇ ಕೊಟ್ಟಾಯ್ತು. ನೀವು ಬಂದು ತಗೊಂಡಿರಲಿಲ್ಲ, ಅಷ್ಟೇ.”

“ಇನ್ನೂ ಒಂದು ಬೇಕು.”

“ಇವತ್ತು ತಗೊಳ್ಳೋ ಹುರುಪು ಜೋರಾಗೇ ಇದೆ! ಏನ್ ಬೇಕು?”

“ನೀವು.”

ಮೆಟ್ಟಿಲ ಮೇಲಿದ್ದವರೆಲ್ಲ ಇತ್ತ ತಿರುಗಿದರು. ಅಜ್ಜಿ ಮಾತ್ರ ಅವನ ತೋಳು ಹಿಡಿದು ಅಲುಗಾಡಿಸಿದಳು. “ಮೊದಲು ನನ್ನ ಕನ್ನಡಕ ಕೊಡೋ! ಇದನ್ನ ನಾನು ನೋಡ್ಬೇಕು!”

ಅವನು ಅಜ್ಜಿಯ ಮೂಗಿಗೆ ಕನ್ನಡಕ ಏರಿಸಿದ. ಆಮೇಲೆ ಸೂಜಿಯ ಬಿಚ್ಚಿದ ಕೈಯನ್ನು, ನೋಟುಗಳ ಸಮೇತ, ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ.

“ಕೊಟ್ಟೆ,” ಎಂದ.