ತೊಟ್ಟಿಯ ಮುಚ್ಚಳ

ನವೆಂಬರ್ 12ರ ಬೆಳಿಗ್ಗೆ ಎಂಟಕ್ಕೆ ಅಕಿತಾ ಬೆಟ್ಟಗಳ ಯುನೊಸಾವಾ ಠಾಣೆಗೆ ದೂರು ಬಂತು. ಬಿಸಿನೀರಿನ ಬುಗ್ಗೆಯಿಂದ ಸ್ಕ್ಯಾಂಡಿಯಂ ಎಂಬ ಅಪರೂಪದ ಲೋಹವನ್ನು ಹಿಡಿಯುವ ಪ್ರಯೋಗಶಾಲೆಯಲ್ಲಿ ಕಿರಿಯ ಸಂಶೋಧಕ ಶಿಂಜೊ ಸತ್ತಿದ್ದ. ದೂರು ಕೊಟ್ಟವನು ಅವನ ಹಿರಿಯ, ಇಟಗಾಕಿ.

ಇನ್ಸ್‌ಪೆಕ್ಟರ್ ಸಾಸಾಮೊರಿ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಮೊಗಾಮಿಯೊಡನೆ ಸ್ಥಳ ಮಹಜರು ನಡೆಸಿದ. ಉಕ್ಕಿನ ತೊಟ್ಟಿಯಲ್ಲಿ ಲೋಹ ಹೀರುವ ಬಟ್ಟೆಯ ಪಟ್ಟಿಗಳು ತೂಗುತ್ತಿದ್ದವು. ಬುಗ್ಗೆಯ ನೀರು ಕುದಿಬಿಸಿ, ಜೊತೆಗೆ ಆಮ್ಲದಷ್ಟು ಹುಳಿ. ತೊಟ್ಟಿಯೊಳಗಿದ್ದ ಹೆಣದ ಉಗುರುಗಳು ಕಿತ್ತುಹೋಗಿದ್ದವು. ಮೊಗಾಮಿ ಅದನ್ನು ಮಹಜರಿನಲ್ಲಿ ಬರೆದುಕೊಂಡ.

"ಏಣಿ ಎಲ್ಲಿತ್ತು?"

"ಗೋಡೆಗೆ ಒರಗಿತ್ತು ಸರ್. ಪಟ್ಟಿ ಸರಿಮಾಡೋಕೆ ಬಗ್ಗಿ ಜಾರಿರ್ಬೇಕು, ಪಾಪ" ಎಂದ ಇಟಗಾಕಿ. "ಮುಚ್ಚಳ ತಾನಾಗೇ ಬಿದ್ದಿರುತ್ತೆ. ನಾನು ನಾಲ್ಕಕ್ಕೇ ಹೊರಟಿದ್ದೆ."

ಪಕ್ಕದ ಸ್ನಾನದ ಮನೆಯ ಫುಕು ಅಜ್ಜಿಯನ್ನು ವಿಚಾರಿಸಿದರು.

"ನಿನ್ನೆ ಸಂಜೆ ಏನಾದ್ರೂ ಕೇಳಿಸ್ತಾ ಅಜ್ಜಿ?"

"ಐದು ಗಂಟೆಗೆ ಅದೇ ದಿನದ ಗಿಳಿಪಾಠ. ನೀರು ಬಿಡೋವಾಗ ತಪ್ಪಾಗದಿರ್ಲಿ ಅಂತ ಒಂದೊಂದಕ್ಕೂ ಬೆರಳು ತೋರಿಸಿ ಕೂಗ್ತಾರಲ್ಲ ಸಾಹೇಬ್ರೆ. 'ಏಣಿ, ಸರಿ. ಮುಚ್ಚಳ, ಸರಿ. ನೀರು, ಸರಿ.'"

"ಎಷ್ಟು ದನಿ?"

"ಒಂದೇ. ಆಮೇಲೆ ಧಬಧಬ ಸದ್ದು. ಪಂಪು ಕೆಟ್ಟಿದೆ ಅಂದ್ಕೊಂಡು ರೇಡಿಯೊ ಜೋರು ಮಾಡಿದೆ."

ಅಲ್ಲಿ ಕೆಲಸ ಮಾಡುತ್ತಿದ್ದವರು ಇಬ್ಬರೇ. ಮುಚ್ಚಿದ ತೊಟ್ಟಿಯ ಒಳಗಿಂದ ಬಡಿದವನು ಶಿಂಜೊ ಆದರೆ, ಹೊರಗೆ ಕೂಗಿದವನು ಯಾರೆಂದು ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಮಧ್ಯಾಹ್ನ ಇಟಗಾಕಿಯನ್ನು ಬಂಧಿಸಿದರು.

"ಕೊಲ್ಲೋವಾಗಲೂ ಕೂಗಿದೆಯಲ್ಲಯ್ಯಾ."

"ಕೂಗದೆ ಮುಚ್ಚಳ ಹಾಕಿ ಅಭ್ಯಾಸವೇ ಇಲ್ಲ ಸರ್. ನನಗೇ ಗೊತ್ತಾಗಲಿಲ್ಲ."

ಇಟಗಾಕಿ ಆಯುಷ್ಯವೆಲ್ಲ ಸವೆಸಿ ಮಾಡಿದ ಬಟ್ಟೆ ಚೂರುಪಾರು ಲೋಹ ಹಿಡಿಯುತ್ತಿತ್ತು. ಶಿಂಜೊ ಅದಕ್ಕೆ ಒಂದು ಬಗೆಯ ಜೇಡಿಮಣ್ಣು ಬೆರೆಸಿದ. ಬಟ್ಟೆ ನಾಲ್ಕು ಪಟ್ಟು ಹಿಡಿಯಿತು.

"ಸಂಶೋಧನಾ ವರದಿಯಿಂದ ನಿನ್ನ ಹೆಸರು ಅಳಿಸಿದ್ನಾ?"

"ಇಲ್ಲ. ನನ್ನ ಹೆಸರನ್ನೇ ಮೊದಲು ಹಾಕಿದ್ದ. 'ಎಲ್ಲಾ ನಿಮ್ಮದೇ ಗುರುಗಳೇ' ಅಂದ. ಭಿಕ್ಷೆ ಹಾಕಿದ ಹಾಗಾಯ್ತು ನಂಗೆ. ಪಟ್ಟಿ ಕಟ್ಟೋಕೆ ಖಾಲಿ ತೊಟ್ಟಿಗೆ ಇಳಿದಿದ್ದ. ಏಣಿ ಎಳೆದು, ಮುಚ್ಚಳ ಹಾಕಿ, ನೀರು ಬಿಟ್ಟೆ."

ಆ ಮನುಷ್ಯನ ಮೇಲೆ ಸಾಸಾಮೊರಿಗೆ ಅಸಹ್ಯ ಹುಟ್ಟಿತು. ಆದರೂ ಹೇಳಿಕೆ ಪೂರ್ತಿಯಾಗಬೇಕಿತ್ತು.

"ಒಳಗಿಂದ ಏನಂತ ಕೂಗಿದ?"

"'ಗುರುಗಳೇ, ನಾನಿನ್ನೂ ಒಳಗಿದೀನಿ' ಅಂದ. ನಾನು ಮರೆತಿದೀನಿ ಅಂದ್ಕೊಂಡಿದ್ದ ಸರ್, ಕೊನೇವರೆಗೂ."